ವಿನ್ಸೆಂಟ್ ನಿಲ್ಲುವ ಜಾಗ

ಮೋಮಿನಪುರದಲ್ಲಿ ನಾನು ಚಹಾ ಕುಡಿಯುವ ಹೋಟೆಲಿನಲ್ಲಿ ಹೆಂಗಸರಿಗೆಂದು ಒಂದು ಮೂಲೆ ಇದೆ. 'ಫ್ಯಾಮಿಲಿ' ಎಂದು ಬರೆದ ಹಲಗೆ, ಅದರ ಕೆಳಗೊಂದು ಪರದೆ. ಮುಂದಿನ ಟೇಬಲುಗಳಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ, ಪರದೆಯ ಹಿಂದೆ ಕೂತವರಿಗೆ ಅಡುಗೆಮನೆ. ಕಳೆದ ಮೇ ತಿಂಗಳಲ್ಲಿ ಅಲ್ಲೇ ಕೂತು ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಅನ್ನು ಮೂರನೇ ಸಲ ಓದುತ್ತಿದ್ದೆ. ನನ್ನ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಒಲೆಯ ಮುಂದಿದ್ದ ಹುಡುಗನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಲ್ಲೇಕೆ ಫ್ಯಾನ್ ಇಲ್ಲ ಎಂದು ಕೇಳಿದೆ. "ಇಲ್ಲಿ ಫ್ಯಾನ್ ಹಚ್ಚಿದ್ರ ಉರಿ ನಿಲ್ಲಂಗಿಲ್ರಿ ಅಕ್ಕಾ, ಚಾ ಹ್ಯಾಂಗ ಆಗಬೇಕು?" ಅಂದ.

ಆ ಉತ್ತರ ಕೇಳಿ ಮತ್ತೆ ಪುಸ್ತಕದ ಮೊದಲ ಪುಟಕ್ಕೆ ಹೋದೆ. ಕತೆ ಶುರುವಾಗುವುದು ಕಾಫಿ ಹೌಸಿನಲ್ಲಿ. ಎತ್ತರದ ಸೂರು, ಹಳೆಯ ಕಾಲದ ಗತ್ತು, ರುಮಾಲು ಸುತ್ತಿದ ವೇಟರ್ ವಿನ್ಸೆಂಟ್. ನಿರೂಪಕ ಮನೆಯ ಉಸಿರುಗಟ್ಟುವಿಕೆಯಿಂದ ತಪ್ಪಿಸಿಕೊಂಡು ಇಲ್ಲಿಗೆ ಬರುತ್ತಾನೆ. ವಿನ್ಸೆಂಟ್ ಆಡುವ ಒಂದೆರಡು ಮಾತು ಅವನಿಗೆ ದೇವವಾಣಿಯಂತೆ ಕೇಳುತ್ತದೆ. ಈ ಕೃತಿಯ ಬಗ್ಗೆ ಮಾತಾಡುವಾಗ ನಾವು ಓದುಗರೂ ವಿನ್ಸೆಂಟನನ್ನು ಜ್ಞಾನಿಯೆಂದೇ ಕರೆದುಬಿಡುತ್ತೇವೆ. ನನ್ನ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯದಲ್ಲಿ ನಾನೂ ಹಾಗೆಯೇ ಬರೆದಿದ್ದೆ.

ಇದನ್ನು ಬೇರೆ ದಾರಿಯಿಂದ ನೋಡಲು ನನಗೆ ನೆರವಾದದ್ದು ಸಾಹಿತ್ಯ ವಿಮರ್ಶೆಯಲ್ಲ, ವಾಣಿಜ್ಯಶಾಸ್ತ್ರದ ಒಂದು ಲೇಖನ. 1992ರಲ್ಲಿ ಅಮೆರಿಕದ ಮೇರಿ ಜೋ ಬಿಟ್ನರ್ 'ಜರ್ನಲ್ ಆಫ್ ಮಾರ್ಕೆಟಿಂಗ್'ನಲ್ಲಿ ಹೋಟೆಲು, ಬ್ಯಾಂಕು, ಆಸ್ಪತ್ರೆಗಳಂಥ ಸೇವೆಯ ಜಾಗಗಳ ಬಗ್ಗೆ ಬರೆದರು. ಅಂಥ ಜಾಗದ ಭೌತಿಕ ಆವರಣಕ್ಕೆ 'ಸರ್ವಿಸ್‌ಸ್ಕೇಪ್' ಎಂಬ ಹೆಸರು ಕೊಟ್ಟು, ಅದನ್ನು ಮೂರು ಭಾಗ ಮಾಡಿದರು: ಬೆಳಕು, ಶಾಖ, ಸದ್ದು, ವಾಸನೆ ಒಂದು, ಟೇಬಲು, ಕುರ್ಚಿ, ಸಲಕರಣೆಗಳ ಜೋಡಣೆ ಇನ್ನೊಂದು, ಫಲಕ, ಸಂಕೇತ, ಅಲಂಕಾರ ಮೂರನೆಯದು. ಅಂಗಡಿಯ ವಾತಾವರಣ ಗಿರಾಕಿಯನ್ನು ಸೆಳೆಯುತ್ತದೆ ಎಂದು ಫಿಲಿಪ್ ಕೋಟ್ಲರ್ 1970ರ ದಶಕದಲ್ಲೇ ಹೇಳಿದ್ದರು. ಬಿಟ್ನರ್ ತಮ್ಮ ಚಿತ್ರದಲ್ಲಿ ಗಿರಾಕಿಯ ಪಕ್ಕಕ್ಕೇ ಕೆಲಸಗಾರನನ್ನೂ ತಂದು ನಿಲ್ಲಿಸಿದರು. ಗಿರಾಕಿ ಅರ್ಧ ಗಂಟೆ ಇದ್ದು ಎದ್ದು ಹೋಗುತ್ತಾನೆ, ಕೆಲಸಗಾರ ದಿನವಿಡೀ ಅದೇ ಗೋಡೆಗಳ ನಡುವೆ ಇರುತ್ತಾನೆ.

ಈ ಮೂರನ್ನೂ ಹಿಡಿದುಕೊಂಡು ಕಾಫಿ ಹೌಸಿಗೆ ಹೋದರೆ ಒಂದು ವಿಷಯ ಹೊಳೆಯುತ್ತದೆ. ನಿರೂಪಕನ ಕಣ್ಣಿಗೆ ವಿನ್ಸೆಂಟ್ ಅಲಂಕಾರದ ಸಾಲಿಗೆ ಸೇರಿದವನು. ಅವನ ರುಮಾಲು, ನಯ, ಮೌನ ಎಲ್ಲವೂ ಆ ಜಾಗದ ಗತ್ತಿನ ಭಾಗ. ಅವನಿಗೆ ಕಾಲು ನೋಯುತ್ತದೆಯೇ, ಪಾಳಿ ಮುಗಿಸಿ ಎಲ್ಲಿಗೆ ಹೋಗುತ್ತಾನೆ ಎಂದು ನಿರೂಪಕ ಕೇಳುವುದಿಲ್ಲ. ಕಡಿಮೆ ಮಾತಾಡುವುದು ವೇಟರನ ಕೆಲಸದ ಶರತ್ತೂ ಇರಬಹುದು. ನಿರೂಪಕ ಅದನ್ನು ವಿವೇಕವೆಂದು ಓದಿಕೊಳ್ಳುತ್ತಾನೆ. ಇದೇ ಜಾಗದಲ್ಲಿ ಅವನ ಹಳೆಯ ಗೆಳತಿ ಚಿತ್ರಾ ಮನೆಯೊಳಗೆ ಹೆಂಗಸರು ಉಣ್ಣುವ ಹಿಂಸೆಯ ಕತೆಗಳನ್ನು ಹೇಳಿದ್ದಳು. ಅವೂ ಕಾಫಿಯ ಜೊತೆಗಿನ ಮಾತಾಗಿಯೇ ಕರಗಿಹೋದವು.

ಮನೆಯಲ್ಲೂ ಹೀಗೆಯೇ. ಒಂದು ಕೋಣೆಯ ಮಾತು ಎಲ್ಲ ಕೋಣೆಗಳಿಗೂ ಕೇಳುತ್ತಿದ್ದ, ಇರುವೆ ತುಂಬಿದ ಸಣ್ಣ ಮನೆಯಿಂದ ಕುಟುಂಬ ದೊಡ್ಡ ಮನೆಗೆ ಹೋಗುತ್ತದೆ. ದುಡಿಯುವವನು ಚಿಕ್ಕಪ್ಪ, ಉಳಿದವರು ಅವನ ಸುಖಕ್ಕೆ ಹೊಂದಿಕೊಂಡು ಬದುಕುತ್ತಾರೆ. ನೆಮ್ಮದಿ ಎಲ್ಲಿಂದ ಬರುತ್ತಿದೆ ಎಂದು ಯಾರೂ ಬಾಯಿಬಿಟ್ಟು ಕೇಳುವಂತಿಲ್ಲ. ಸೊಸೆಯಾಗಿ ಬಂದ ಅನಿತಾ ಕೇಳುತ್ತಾಳೆ, ಅದಕ್ಕೇ ಆ ಮನೆಗೆ ಅವಳು ಸಹಿಸಲಾಗದವಳು. ಕಾಫಿ ಹೌಸಿನಲ್ಲಿ ಕೇಳದೆ ಇರುವ ಅಭ್ಯಾಸ, ಮನೆಯಲ್ಲಿ ಕೇಳದೆ ಇರುವ ಅಭ್ಯಾಸ, ಎರಡೂ ಒಂದೇ ಎಂದು ನನಗನ್ನಿಸುತ್ತದೆ.

ಇದು ಶಾನಭಾಗರ ಕೊರತೆಯಲ್ಲ. ನಿರೂಪಕ ಏನನ್ನು ನೋಡುವುದಿಲ್ಲ ಎಂಬುದನ್ನು ಅವರು ಎಚ್ಚರದಿಂದಲೇ ಕಟ್ಟಿದ್ದಾರೆ. ಕೊನೆಯ ದೃಶ್ಯದಲ್ಲಿ ನಿರೂಪಕನ ಕೈಯಲ್ಲಿ ರಕ್ತವಿದೆ ಎಂದು ತಿಳಿಸುವವನು ವಿನ್ಸೆಂಟನೇ. ಆ ಮಾತಿನಲ್ಲಿ ಭವಿಷ್ಯವಾಣಿಯನ್ನು ಹುಡುಕುವ ಮೊದಲು ನಾವು ಒಂದು ಸರಳ ಸಂಗತಿ ಗಮನಿಸಬೇಕು. ಟೇಬಲಿನ ಮೇಲೆ ಏನು ಚೆಲ್ಲಿದೆ, ಏನು ಒಡೆದಿದೆ ಎಂದು ನೋಡುವುದು ಅವನ ಉದ್ಯೋಗ. ಯಾರೂ ಗಮನಿಸದೆ ನಿಂತವನು ಎಲ್ಲವನ್ನೂ ಗಮನಿಸುತ್ತಿದ್ದ.

ನಿಲ್ಲುವುದು ಸಣ್ಣ ವಿಷಯವಲ್ಲ. ಬೆಂಗಳೂರಿನ ದರ್ಶಿನಿಗಳಲ್ಲಿ ಗಿರಾಕಿಯೂ ನಿಂತು ತಿನ್ನುತ್ತಾನೆ, ಹತ್ತು ನಿಮಿಷದಲ್ಲಿ ಹೊರಡುತ್ತಾನೆ. ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಹತ್ತು ತಾಸು ನಿಲ್ಲಬೇಕು. ಕೋಯಿಕ್ಕೋಡಿನಲ್ಲಿ ಅಂಥವರು ಹೋರಾಡಿದ ಮೇಲೆ ಕೇರಳ 2018ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿತು. 2021ರಲ್ಲಿ ತಮಿಳುನಾಡೂ ಸೇರಿಸಿತು. ಒಂದು ಕುರ್ಚಿಗಾಗಿ ಕಾನೂನು ಬೇಕಾಯಿತು ಎಂದರೆ, ಆ ಅಂಗಡಿಗಳ ಜೋಡಣೆಯನ್ನು ಯಾರ ಕಣ್ಣಿನಿಂದ ಮಾಡಿದ್ದರು ಎಂಬುದು ತಿಳಿಯುತ್ತದೆ.

ನಾನು ಪರದೆಯ ಹಿಂದೆ ಕೂತದ್ದು ನನ್ನ ಇಷ್ಟದಿಂದಲ್ಲ, ಹಲಗೆ ಹೇಳಿದ್ದರಿಂದ. ರಸ್ತೆ ಕಾಣುವ ಟೇಬಲ್ ಸಿಕ್ಕಿದ್ದರೆ ಆ ಹುಡುಗನ ಬೆನ್ನು ನನಗೂ ಕಾಣುತ್ತಿರಲಿಲ್ಲ, ವಿನ್ಸೆಂಟ್ ನನ್ನ ಪ್ರಬಂಧದಲ್ಲಿ ಜ್ಞಾನಿಯಾಗಿಯೇ ಉಳಿಯುತ್ತಿದ್ದ. ಈಗ ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಅವನು ಎಲ್ಲಿ ನಿಂತಿದ್ದಾನೆ ಎಂಬಲ್ಲಿಂದ ಶುರುಮಾಡಿದ್ದೇನೆ.