ಪ್ರೋಟೀನಿನ ನಾಲ್ಕು ಸ್ತರಗಳು: ಒಂದು ವಿಮರ್ಶೆ

ಪ್ರೋಟೀನಿನ ರಚನೆಯಲ್ಲಿ ನಾಲ್ಕು ಸ್ತರಗಳುಂಟೆಂದು ಜೀವರಸಾಯನದ ಪಠ್ಯಗ್ರಂಥಗಳು ಹೇಳುತ್ತವೆ. ಅಮೈನೋ ಆಮ್ಲಗಳು ಸರಪಳಿಯಲ್ಲಿ ಕೂಡಿರುವ ಅನುಕ್ರಮವು ಪ್ರಾಥಮಿಕ. ಸರಪಳಿಯು ಅಲ್ಲಲ್ಲಿ ಸುರುಳಿಯಾಗಿಯೋ ಮಡಿಕೆಯ ಹಾಳೆಯಾಗಿಯೋ ಅಣಿಗೊಳ್ಳುವುದು ದ್ವಿತೀಯಕ. ಇಡೀ ಸರಪಳಿಯು ಮಡಿಚಿಕೊಂಡು ನಿಶ್ಚಿತವಾದ ಆಕೃತಿಯನ್ನು ತಳೆಯುವುದು ತೃತೀಯಕ. ಇಂತಹ ಹಲವು ಸರಪಳಿಗಳು ಒಂದುಗೂಡುವುದು ಚತುರ್ಥಕ. ಈ ವಿಭಜನೆಯು ಉಪಯುಕ್ತವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಇದನ್ನು ಪ್ರಕೃತಿಯೇ ಕಟ್ಟಿದ ಸೋಪಾನವೆಂಬಂತೆ ಬೋಧಿಸುವ ಕ್ರಮವು ವಿಚಾರಾರ್ಹವಾಗಿದೆ.

ಈ ಹೆಸರುಗಳಿಗೂ ಒಂದು ಚರಿತ್ರೆಯುಂಟು. ಮೊದಲ ಮೂರನ್ನು ಡೆನ್ಮಾರ್ಕಿನ ಲಿಂಡರ್‌ಸ್ಟ್ರೋಮ್-ಲಾಂಗ್ ಅವರು 1951ರ ಉಪನ್ಯಾಸಗಳಲ್ಲಿ ಬಳಕೆಗೆ ತಂದರು. ನಾಲ್ಕನೆಯದನ್ನು 1958ರಲ್ಲಿ ಬರ್ನಾಲರು ಸೇರಿಸಿದರು. ಸುರುಳಿಯನ್ನೂ ಹಾಳೆಯನ್ನೂ ಪೌಲಿಂಗರು ಸಂಗಡಿಗರೊಡನೆ ನಿರೂಪಿಸಿದ್ದು 1951ರಲ್ಲಿ; ಸ್ಯಾಂಗರರು ಇನ್ಸುಲಿನ್ನಿನ ಸಂಪೂರ್ಣ ಅನುಕ್ರಮವನ್ನು ಬಿಡಿಸಿದ್ದು 1955ರಲ್ಲಿ. ಎಂದರೆ, ಪ್ರಾಥಮಿಕಕ್ಕೆ ಮೊದಲ ಪೂರ್ಣ ನಿದರ್ಶನವು ದೊರೆಯುವ ಮುನ್ನವೇ ದ್ವಿತೀಯಕದ ಸ್ವರೂಪವು ಗೊತ್ತಾಗಿತ್ತು. ಕೆಂಡ್ರೂ ಅವರು 1958ರಲ್ಲಿ ಮಯೋಗ್ಲೋಬಿನ್ನಿನ ಆಕೃತಿಯನ್ನು ಕಂಡಾಗ ಅದರ ಅನುಕ್ರಮವಿನ್ನೂ ಪೂರ್ತಿಯಾಗಿ ತಿಳಿದಿರಲಿಲ್ಲ. ಅಂಕೆಗಳ ಕ್ರಮ ಬೇರೆ, ಅರಿವಿನ ಕ್ರಮ ಬೇರೆ.

ರಚನೆಯು ಮೈದಾಳುವ ಕ್ರಮವಾದರೂ ಅಂಕೆಗಳನ್ನು ಅನುಸರಿಸುವುದೇ? ಚರ್ಮದಲ್ಲಿಯೂ ಮೂಳೆಯಲ್ಲಿಯೂ ಇರುವ ಕೊಲಾಜನ್ ಎಂಬ ಪ್ರೋಟೀನಿಗೆ ಮೂರೆಳೆಯ ಸುರುಳಿಯನ್ನು 1954-55ರಲ್ಲಿ ಸೂಚಿಸಿದವರು ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು. ದಾವಣಗೆರೆಯ ಹತ್ತಿಗಿರಣಿಗಳನ್ನು ಬಲ್ಲವರಿಗೆ ನೂಲು ಮೊದಲು, ಹುರಿ ಆಮೇಲೆ ಎಂಬುದು ಸಹಜವಾದ ಮಾತು. ಕೊಲಾಜನ್ನಿನಲ್ಲಿ ಹಾಗಲ್ಲ. ಮೂರು ಸರಪಳಿಗಳು ಮೊದಲು ಒಂದು ತುದಿಯಲ್ಲಿ ಕೂಡಿಕೊಳ್ಳುತ್ತವೆ. ಸುರುಳಿಯು ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ಚತುರ್ಥಕವೆನಿಸಿದ ಕೂಟವು ದ್ವಿತೀಯಕವೆನಿಸಿದ ಸುರುಳಿಗೆ ಇಲ್ಲಿ ಆಧಾರವಾಗಿದೆ.

ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದ ಎಂ. ವಿಜಯನ್ ಮತ್ತು ಸಂಗಡಿಗರು 1994ರಲ್ಲಿ ಶೇಂಗಾಬೀಜದ ಲೆಕ್ಟಿನ್ನಿನ ರಚನೆಯನ್ನು ಪ್ರಕಟಿಸಿದರು. ಅದರ ಪ್ರತಿಯೊಂದು ಸರಪಳಿಯೂ ಇತರ ದ್ವಿದಳಧಾನ್ಯಗಳ ಲೆಕ್ಟಿನ್ನುಗಳಂತೆಯೇ ಮಡಿಚಿಕೊಂಡಿದೆ. ಆದರೆ ಒಂದೇ ಬಗೆಯ ನಾಲ್ಕು ಸರಪಳಿಗಳು ಕೂಡಿರುವ ರೀತಿಯಲ್ಲಿ ಅಂತಹ ಕೂಟಗಳಿಂದ ನಿರೀಕ್ಷಿಸುವ ಸಮ್ಮಿತಿಯು ಇಲ್ಲ. ಮೂರನೆಯ ಸ್ತರದ ಸಾಮ್ಯವನ್ನು ಕಂಡು ನಾಲ್ಕನೆಯದನ್ನು ಊಹಿಸುವಂತಿಲ್ಲ.

ಅನುಕ್ರಮವು ಆಕೃತಿಯನ್ನು ನಿರ್ಧರಿಸುತ್ತದೆಂಬ ತತ್ತ್ವವನ್ನು ನಾವು ಅಲ್ಲಗಳೆಯುತ್ತಿಲ್ಲ. ಅದನ್ನು ತೋರಿಸಿದ ಆನ್‌ಫಿನ್ಸೆನ್ನರಿಗೆ 1972ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ನಿರ್ಧಾರದ ದಾರಿಯು ಮೆಟ್ಟಿಲುಗಳ ದಾರಿಯಲ್ಲವೆಂಬುದಷ್ಟೇ ನಮ್ಮ ಆಕ್ಷೇಪ.

ಇತಿಹಾಸದ ಬೋಧಕರಾದ ನಮಗೆ ಈ ತೊಡಕು ಹೊಸದಲ್ಲ. 1565ರ ಕದನದೊಡನೆ ವಿಜಯನಗರದ ಕಾಲವು ಮುಗಿಯಿತೆಂದು ಬರೆಯುವುದುಂಟು. ಪೆನುಗೊಂಡೆಯಲ್ಲಿ ಅರವೀಡು ಮನೆತನದ ಅರಸರು ಆಳುತ್ತಲೇ ಇದ್ದರು. ಕಾಲವಿಭಾಗವು ಓದುಗನ ಅನುಕೂಲಕ್ಕೆ, ಸ್ತರವಿಭಾಗವೂ ಹಾಗೆಯೇ. ಆದುದರಿಂದ ನಾಲ್ಕು ಹೆಸರುಗಳನ್ನು ಕಲಿಸುವ ಅಧ್ಯಾಪಕರು ಅವು ಹುಟ್ಟಿದ ವರ್ಷಗಳನ್ನೂ, ಅವುಗಳಿಗೆ ಒಗ್ಗದ ಕೊಲಾಜನ್ನನ್ನೂ ಅದೇ ತರಗತಿಯಲ್ಲಿ ವಿದ್ಯಾರ್ಥಿಗಳ ಮುಂದಿಡುವುದು ಉಚಿತವೆಂದು ನಮ್ಮ ಅಭಿಪ್ರಾಯ.