ಹಳದಿ ಗ್ಯಾಲರಿಯಲ್ಲಿ ಕೆಂಪು ಜೆರ್ಸಿ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲಿನಲ್ಲಿ ಹೊರಊರಿನಿಂದ ಬಂದ ಬೆಂಬಲಿಗರಿಗೆಂದೇ ಒಂದು ಮೂಲೆ ಮೀಸಲು. 3,000 ಟಿಕೆಟ್ ಅಥವಾ ಕ್ರೀಡಾಂಗಣದ ಸಾಮರ್ಥ್ಯದ ಹತ್ತನೇ ಒಂದು ಪಾಲು, ಯಾವುದು ಕಡಿಮೆಯೋ ಅದು. 2016ರಿಂದ ಆ ಟಿಕೆಟ್ಟಿನ ದರಕ್ಕೂ 30 ಪೌಂಡಿನ ಮಿತಿ ಇದೆ. ನಮ್ಮ ಐಪಿಎಲ್‌ನಲ್ಲಿ ಅಂಥ ಏರ್ಪಾಡೇ ಇಲ್ಲ. ಚೆನ್ನೈಗೆ ಹೋದ ಆರ್‌ಸಿಬಿ ಅಭಿಮಾನಿ ಚೆಪಾಕಿನಲ್ಲಿ ಸಿಕ್ಕ ಸೀಟಿನಲ್ಲೇ ಕೂರಬೇಕು. ಎಡಕ್ಕೂ ಹಳದಿ, ಬಲಕ್ಕೂ ಹಳದಿ, ಬೆನ್ನ ಹಿಂದೆ ಕಿವಿ ತೂತಾಗುವಂಥ ಶಿಳ್ಳೆ. ಕ್ರಿಕೆಟ್ಟಿನ ರುಚಿ ಹತ್ತಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

2025ರ ಮಾರ್ಚ್ 28ರ ರಾತ್ರಿಯನ್ನೇ ತೆಗೆದುಕೊಳ್ಳಿ. ಅಲ್ಲಿಯವರೆಗೆ ಆರ್‌ಸಿಬಿ ಚೆಪಾಕಿನಲ್ಲಿ ಚೆನ್ನೈ ತಂಡವನ್ನು ಸೋಲಿಸಿದ್ದು ಒಂದೇ ಸಲ, 2008ರಲ್ಲಿ, ದ್ರಾವಿಡ್ ನಾಯಕರಾಗಿದ್ದಾಗ, 14 ರನ್‌ಗಳಿಂದ. ನಡುವೆ 2011ರ ಫೈನಲ್ ಕೂಡ ಇದೇ ಅಂಗಳದಲ್ಲಿ 58 ರನ್‌ಗಳಿಂದ ಕೈತಪ್ಪಿತ್ತು. ಹೀಗಾಗಿ ವರ್ಷವರ್ಷವೂ ರೈಲು ಹತ್ತಿ ಹೋಗುತ್ತಿದ್ದ ಬೆಂಗಳೂರಿನವರಿಗೆ ಗೆಲುವಿಗಿಂತ ‘ಈ ಸಲ ಕಪ್ ನಮ್ದೇ’ ಎಂಬ ಅಣಕವೇ ಹೆಚ್ಚು ಸಿಗುತ್ತಿತ್ತು.

ಆ ರಾತ್ರಿ ಫಿಲ್ ಸಾಲ್ಟ್ 16 ಎಸೆತಗಳಲ್ಲಿ 32 ಹೊಡೆದು ಮುನ್ನುಗ್ಗಿದ್ದರು. ನೂರ್ ಅಹ್ಮದ್ ಎಸೆದ ಚೆಂಡಿಗೆ ಅವರ ಕಾಲು ಕ್ಷಣಮಾತ್ರ ಗಾಳಿಯಲ್ಲಿತ್ತು. ಅಷ್ಟರಲ್ಲಿ ಧೋನಿ ಬೇಲ್ಸ್ ಎಗರಿಸಿಯಾಗಿತ್ತು. ಅದಕ್ಕೆ ಎದ್ದ ಗದ್ದಲದ ನಡುವೆ ಕೆಂಪು ಜೆರ್ಸಿ ತೊಟ್ಟವರು ಏನು ಮಾಡಬೇಕು? ಪಳಗಿದ ಪ್ರೇಕ್ಷಕ ಚಪ್ಪಾಳೆ ತಟ್ಟುತ್ತಾನೆ. ಅಂಥ ಸ್ಟಂಪಿಂಗಿಗೆ ಮುಖ ಗಂಟಿಕ್ಕಿಕೊಂಡು ಕೂತರೆ ಅಷ್ಟು ದೂರ ಹೋದದ್ದೇ ದಂಡ. ಆಮೇಲೆ ಪಾಟೀದಾರ್ 51 ಹೊಡೆದರು, ಟಿಮ್ ಡೇವಿಡ್ ಕೊನೆಯ ಓವರಿನಲ್ಲಿ ಸ್ಯಾಮ್ ಕರನ್‌ಗೆ ಮೂರು ಸಿಕ್ಸರ್ ಬಾರಿಸಿದರು, ಮೊತ್ತ 196ಕ್ಕೆ ಮುಟ್ಟಿತು.

ಚೆನ್ನೈ ಬ್ಯಾಟಿಂಗ್ ಶುರುವಾದ ಮೇಲಿನದು ಟಿವಿಯಲ್ಲಿ ಪೂರ್ತಿ ದಕ್ಕುವ ನೋಟವಲ್ಲ. ಚೆಪಾಕಿನಲ್ಲಿ ತಮ್ಮ ತಂಡದ ವಿಕೆಟ್ ಬಿದ್ದರೂ ಜನ ಕುಣಿಯುತ್ತಾರೆ, ಮುಂದೆ ಬರುವವರು ಧೋನಿಯಾಗಿದ್ದರೆ. 2024ರ ಏಪ್ರಿಲ್‌ನಲ್ಲಿ ಕೋಲ್ಕತ್ತ ವಿರುದ್ಧದ ಪಂದ್ಯದಲ್ಲಿ ಜಡೇಜ ತಾನೇ ಹೊರಟಂತೆ ನಟಿಸಿ ವಾಪಸ್ ತಿರುಗಿದರು, ಹಿಂದಿನಿಂದ ಧೋನಿ ಬಂದರು. ಫೀಲ್ಡಿಂಗ್ ಮಾಡುತ್ತಿದ್ದ ಆಂಡ್ರೆ ರಸೆಲ್ ಎರಡೂ ಕಿವಿ ಮುಚ್ಚಿಕೊಂಡರು. 2025ರಲ್ಲಿ ಆರ್‌ಸಿಬಿ ಎದುರು ಧೋನಿ ಇಳಿದದ್ದು ಒಂಬತ್ತನೇ ಕ್ರಮಾಂಕದಲ್ಲಿ, ಪಂದ್ಯ ಹೆಚ್ಚುಕಡಿಮೆ ಮುಗಿದ ಮೇಲೆ. 16 ಎಸೆತಗಳಲ್ಲಿ 30, ಅಜೇಯ. ತಂಡ 50 ರನ್‌ಗಳಿಂದ ಸೋತರೂ ಕೃಣಾಲ್ ಎಸೆದ ಕೊನೆಯ ಓವರಿಗೆ ಗ್ಯಾಲರಿ ಹಬ್ಬ ಮಾಡಿತು. ಹದಿನೇಳು ವರ್ಷ ಕಾದು ಗೆದ್ದವರ ಕೂಗು ಆ ಹಬ್ಬದಲ್ಲಿ ಕೇಳಿಸಬೇಕಲ್ಲ!

ಆದರೂ ಚೆಪಾಕಿನವರಿಗೆ ಆಟ ಗೊತ್ತಿಲ್ಲ ಎಂದು ಯಾರೂ ಹೇಳಲಾರರು. 1999ರ ಜನವರಿಯ ಪಾಕಿಸ್ತಾನ ಟೆಸ್ಟ್ ಇದಕ್ಕೆ ಸಾಕ್ಷಿ. ಆ ಭಾರತ ತಂಡದಲ್ಲಿ ಕರ್ನಾಟಕದ ಐವರಿದ್ದರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ. ಎರಡನೇ ಇನಿಂಗ್ಸ್‌ನಲ್ಲಿ ಪ್ರಸಾದ್ ಒಂದೂ ರನ್ ಕೊಡದೆ ಐದು ವಿಕೆಟ್ ಕಿತ್ತು, 4ಕ್ಕೆ 275 ಎಂದಿದ್ದ ಪಾಕಿಸ್ತಾನವನ್ನು 286ಕ್ಕೆ ಮುಗಿಸಿದರು. ಬೆನ್ನುನೋವಿನಲ್ಲೇ ತೆಂಡೂಲ್ಕರ್ 136 ಹೊಡೆದು ಔಟಾದಾಗ ಬೇಕಿದ್ದದ್ದು ಬರೀ 17. ಸಕ್ಲೇನ್ ಮುಷ್ತಾಕ್ ಎಸೆದ ಚೆಂಡು ಶ್ರೀನಾಥ್ ಬ್ಯಾಟಿಗೆ ತಾಗಿ ಹಿಂದಕ್ಕೆ ಉರುಳಿ ಬೇಲ್ಸ್ ಬೀಳಿಸಿತು. 12 ರನ್‌ಗಳ ಸೋಲು. ಸ್ವಲ್ಪ ಹೊತ್ತು ಸುಮ್ಮನಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ವಾಸಿಮ್ ಅಕ್ರಮ್ ತಂಡ ಮೈದಾನಕ್ಕೆ ಒಂದು ಸುತ್ತು ಬಂತು. ಎರಡು ವರ್ಷ ಮೊದಲು ಇದೇ ಅಂಗಳದಲ್ಲಿ ಸಯೀದ್ ಅನ್ವರ್ 194 ಹೊಡೆದಾಗಲೂ ಅಷ್ಟೇ. ಎದುರಾಳಿಗೆ ಹೀಗೆ ಕೈತುಂಬ ಕೊಡುವ ಗುಣ ಚಿನ್ನಸ್ವಾಮಿಯ ಗ್ಯಾಲರಿಗೆ ಇನ್ನೂ ಅಷ್ಟಾಗಿ ಬಂದಿಲ್ಲ. ಬೆಂಗಳೂರಿನವರು ಬೇಸರಪಟ್ಟುಕೊಂಡರೂ ಸರಿ, ಇದನ್ನು ಹೇಳಲೇಬೇಕು.

ಹೋಗುವವರು ಮಧ್ಯಾಹ್ನಕ್ಕೇ ಟ್ರಿಪ್ಲಿಕೇನ್ ಸೇರುವುದು ಒಳ್ಳೆಯದು. ರತ್ನಾ ಕೆಫೆಯಲ್ಲಿ ಇಡ್ಲಿಯ ಮೇಲೆ ಸಾಂಬಾರ್ ಸುರಿದು ಮುಳುಗಿಸಿಯೇ ಕೊಡುತ್ತಾರೆ, ಚಮಚೆಯಲ್ಲೇ ತಿನ್ನಬೇಕು. ಅಲ್ಲಿಂದ ಸ್ಟೇಡಿಯಂ ಕಾಲ್ನಡಿಗೆಯ ದೂರ. ಮರೀನಾ ಕಡೆಯ ಗಾಳಿ ಬೀಸುವವರೆಗೆ ಸೆಕೆ ಜೀವ ಹಿಂಡುತ್ತದೆ. ಪಾಲಿಯೆಸ್ಟರ್ ಜೆರ್ಸಿಯ ಪಾಡು ಕೇಳಬೇಡಿ.

ಒಮ್ಮೆ ಚೆನ್ನೈನವರೇ ಪರವೂರಿನವರಾದದ್ದೂ ಉಂಟು, ಅದಕ್ಕೆ ಕಾರಣ ಕಾವೇರಿ. 2018ರ ಏಪ್ರಿಲ್‌ನಲ್ಲಿ ನೀರಿನ ಹೋರಾಟ ಬಿಸಿಯೇರಿದ್ದಾಗ ಚೆಪಾಕಿನಲ್ಲಿ ಫೀಲ್ಡರುಗಳತ್ತ ಶೂ ತೂರಿಬಂತು, ತವರಿನ ಉಳಿದ ಪಂದ್ಯಗಳೆಲ್ಲ ಪುಣೆಗೆ ಹೋದವು. ಸುಮಾರು ಸಾವಿರ ಅಭಿಮಾನಿಗಳು ‘ವಿಸಿಲ್ ಪೋಡು ಎಕ್ಸ್‌ಪ್ರೆಸ್’ ಎಂಬ ವಿಶೇಷ ರೈಲಿನಲ್ಲಿ ಹಳದಿ ಅಂಗಿ ತೊಟ್ಟು ಹೊರಟರು. ರಾಜಸ್ಥಾನ ವಿರುದ್ಧ ಶೇನ್ ವಾಟ್ಸನ್ 106 ಹೊಡೆದರು. ಊರು ಬಿಟ್ಟು ಆಡಿದ ಆ ವರ್ಷವೇ ತಂಡ ಕಪ್ಪನ್ನೂ ಗೆದ್ದಿತು.