ನಾಲಿಗೆಗೂ ಗರಡಿ

ಲಕ್ವ ಹೊಡೆದವರ ಕೈಕಾಲಿಗೆ ವ್ಯಾಯಾಮ ಬೇಕೆಂಬುದು ಶಿಕಾರಿಪುರ, ಸೊರಬದ ಹಳ್ಳಿಗಳಲ್ಲೂ ಈಗ ತಿಳಿದ ಮಾತು. ನಾಲಿಗೆಗೂ ಬೇಕೆಂದರೆ ನಗುವವರೇ ಹೆಚ್ಚು. ಉಣ್ಣುವಾಗ ಕೆಮ್ಮಿದರೆ ನೆತ್ತಿಗೆ ಹತ್ತಿತೆಂದು ತಲೆ ತಟ್ಟಿ, ಯಾರೋ ನೆನೆಸಿಕೊಂಡರು ಎಂದು ಸುಮ್ಮನಾಗುತ್ತೇವೆ. ತುತ್ತನ್ನು ಹಿಂದಕ್ಕೆ ತಳ್ಳುವ ನಾಲಿಗೆ ಸೋತರೆ ಅನ್ನ, ನೀರು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗಬಹುದು. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಅದೇ ಹೆಚ್ಚು ಅಪಾಯ.

ಈ ನಾಲಿಗೆಯನ್ನು ಪಳಗಿಸಲು ಅಮೆರಿಕದ ಅಯೋವಾದಲ್ಲಿ ಹುಟ್ಟಿದ ಸಾಧನ 'ಐಒಪಿಐ'. ಗಾಳಿ ತುಂಬಿದ, ಹೆಬ್ಬೆರಳ ತುದಿಯಷ್ಟು ಗಾತ್ರದ ಬಲ್ಬನ್ನು ಮೇಲಿನ ಮುಂಹಲ್ಲುಗಳ ಹಿಂದೆ ಇಟ್ಟು, ನಾಲಿಗೆಯಿಂದ ಅಂಗುಳಕ್ಕೆ ಅದುಮಬೇಕು. ಒತ್ತಡ ಎಷ್ಟು ಕಿಲೋಪಾಸ್ಕಲ್ ಎಂಬುದು ಕಾಣುತ್ತದೆ. ಗುರಿ ಮುಟ್ಟಿದರೆ ಹಸಿರು ದೀಪ. ಮಾತೂ ಬಾರದೆ ಕುಗ್ಗಿದವರಿಗೆ ಆ ದೀಪ ಕೊಡುವ ಹುರುಪು ಸಣ್ಣದಲ್ಲ.

2007ರಲ್ಲಿ ಜೋಆನ್ ರಾಬಿನ್ಸ್ ತಂಡ ಪಾರ್ಶ್ವವಾಯುವಾದ 10 ಜನರಿಗೆ 8 ವಾರ ನಾಲಿಗೆಯ ಒತ್ತು ವ್ಯಾಯಾಮ ಮಾಡಿಸಿತು. ಬಲ ಹೆಚ್ಚಿತು, ನುಂಗುವುದೂ ಸುಧಾರಿಸಿತು. ಆದರೆ ವ್ಯಾಯಾಮ ಮಾಡದ ಇನ್ನೊಂದು ಗುಂಪನ್ನಿಟ್ಟು ಹೋಲಿಸಿರಲಿಲ್ಲ. ತಾನಾಗಿ ಬಂದ ಚೇತರಿಕೆ ಎಷ್ಟು, ವ್ಯಾಯಾಮದ ಫಲ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಇನ್ನೂ ಮುಖ್ಯವಾದದ್ದು 2003ರ ಲಜಾರಸ್ ಅಧ್ಯಯನ. 31 ಆರೋಗ್ಯವಂತ ಯುವಜನರಲ್ಲಿ ಕೆಲವರಿಗೆ ಈ ಯಂತ್ರ, ಕೆಲವರಿಗೆ ಡಾಕ್ಟರು ಬಾಯಿ ನೋಡಲು ಬಳಸುವ ಮರದ ಕಡ್ಡಿ ಕೊಟ್ಟರು. ಎರಡೂ ಗುಂಪಿನಲ್ಲಿ ನಾಲಿಗೆಯ ಬಲ ಹೆಚ್ಚು ಕಡಿಮೆ ಒಂದೇ ಸಮ ಬೆಳೆಯಿತು.

ಹಾಗಾದರೆ ಯಂತ್ರದ ಹೆಚ್ಚುಗಾರಿಕೆ ಕಸರತ್ತಿನಲ್ಲಿಲ್ಲ, ಅಳತೆಯಲ್ಲಿದೆ. ನಿನ್ನೆಗಿಂತ ಇಂದು ಎಷ್ಟು ಮೇಲು ಎಂದು ಕಡ್ಡಿ ಹೇಳಲಾರದು. ಆ ಅಳತೆಗಾಗಿ ಮನೆಮನೆಗೆ ದುಬಾರಿ ಯಂತ್ರ ಬೇಕಿಲ್ಲ, ಆಸ್ಪತ್ರೆಗೊಂದು ಸಾಕು. ಗುಟ್ಕಾ, ಅಡಿಕೆ ಜಗಿದು ಬಾಯಿ ತೆರೆಯಲಾಗದವರಿಗಂತೂ ಬಲ್ಬ್ ಒಳಗಿಡುವುದೇ ಪ್ರಯಾಸ. ಅಡಿಕೆ ಬೆಳೆಯುವ ಸೀಮೆಯಲ್ಲಿ ಇದನ್ನು ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ, ಆದರೂ ಹೇಳಲೇಬೇಕು.

ಬಲ ಬಂದ ಮಾತ್ರಕ್ಕೆ ನುಂಗು ಸರಿಯಾಗುತ್ತದೆಂದೂ ಇಲ್ಲ. ತೆಳು ಅಪ್ಪೆಹುಳಿ ಸರ್ರನೆ ಇಳಿದು ಉಸಿರಿನ ದಾರಿ ಹಿಡಿಯಬಹುದು. ನಾಲಿಗೆ ಸೋತವರಿಗೆ ಗಟ್ಟಿ ಗಂಜಿ ಗಂಟಲಲ್ಲೇ ಉಳಿಯಬಹುದು. ಯಾರಿಗೆ ಯಾವುದು ಎಂದು ಪರೀಕ್ಷಿಸಿದವರೇ ಹೇಳಬೇಕು. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಂಥ ಪರಿಣತರಿದ್ದಾರೆ. ಆದರೆ ಲಕ್ವ ಹೊಡೆದವರನ್ನು ಸೊರಬದಿಂದ ಅಷ್ಟು ದೂರ ವಾರವಾರ ಕರೆದೊಯ್ಯುವವರು ಯಾರು?

ತಾಲ್ಲೂಕು ಆಸ್ಪತ್ರೆಗೆ ಯಂತ್ರ ಕೊಡಿಸಲು ಮುಂದೆ ಬರುವ ದಾನಿಗಳಲ್ಲಿ ನನ್ನದೊಂದು ಮನವಿ: ಮೊದಲು ವಾರಕ್ಕೊಂದು ದಿನ ವಾಕ್ ಚಿಕಿತ್ಸಕರು ಬಂದು ಕೂರುವ ಏರ್ಪಾಡು ಮಾಡಿ. ಕಡ್ಡಿ ಹೇಗೂ ಅಲ್ಲೇ ಇರುತ್ತದೆ.